ಜಗಳೂರಿಗೆ ಖಾಲಿ ಹೋಗುವ ಲಾರಿ

ನಮ್ಮ ಸಂಸ್ಥೆಯಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು: 'ಅರ್ಧಕ್ಕೆ ಬಿಟ್ಟವರು.' ಹುಚ್ಚುನಾಯಿ ಕಚ್ಚಿದರೆ ಆಗ ಹೊಟ್ಟೆಗೆ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಅಷ್ಟನ್ನೂ ಹಾಕಿಸಿಕೊಳ್ಳದೆ ಊರಿಗೆ ಹೊರಟುಹೋದ ಹಳ್ಳಿಯವರನ್ನು ಹಾಗೆ ಕರೆಯುತ್ತಿದ್ದರು. ಸಭೆಗಳಲ್ಲಿ ಆ ಮಾತು ಬಂದಾಗ ಮೇಜಿನ ಸುತ್ತ ಕೂತವರು ಒಂದು ಬಗೆಯ ನಗೆ ನಗುತ್ತಿದ್ದರು. ಆ ನಗೆ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ವಯಸ್ಸಾದ ಹಾಗೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನಗೆ ಇಳಿದಿಲ್ಲ, ಇಳಿಯುವುದು ಬೇಕಾಗಿಯೂ ಇಲ್ಲ.

ನಾನು ನ್ಯಾಮತಿಯವಳು. ಆಗ ಅದು ಹೊನ್ನಾಳಿ ತಾಲ್ಲೂಕಿನ ಒಂದು ಊರು. ಬಸ್ಸು ನಿಲ್ಲುವ ಕಡೆ ಅಪ್ಪನ ಕಿರಾಣಿ ಅಂಗಡಿ. ಬೆಳಿಗ್ಗೆ ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ನೀರು ಕುಡಿಯದ ಮನೆ ನಮ್ಮದು. ಮೊಟ್ಟೆ ಎಂಬ ಶಬ್ದವನ್ನೂ ಅಡುಗೆಮನೆಯಲ್ಲಿ ಆಡುವ ಹಾಗಿರಲಿಲ್ಲ. ಅಂಥ ಮನೆಯ ಮಗಳು ಎಪ್ಪತ್ತರ ದಶಕದ ನಡುವಿನಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿ, ನಾಯಿ ಕಡಿತಕ್ಕೆ ಲಸಿಕೆ ಮಾಡುವ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. ಆ ಕಾಲದ ಲಸಿಕೆ ಕುರಿಯ ಮಿದುಳಿನಿಂದ ಆಗುತ್ತಿತ್ತು. ಕುರಿಯ ಮಿದುಳಿಗೆ ರೋಗಾಣು ಕೊಡುವುದು, ಅದು ಕಾಲು ಸೋತು ಮಲಗಿದ ಮೇಲೆ ಮಿದುಳು ತೆಗೆದು ಅರೆಯುವುದು, ರೋಗಾಣುವನ್ನು ಕೊಂದು ಸೀಸೆಗೆ ತುಂಬುವುದು. ನನ್ನ ದಿನಗಳು ಹೀಗೆ ಕಳೆಯುತ್ತಿದ್ದವು.

ಮೊದಲ ಸಲ ರಜೆಗೆ ಬಂದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಕುರಿ ತಲೆ ಒಡೆಯಾಕೆ ಇಷ್ಟು ಓದಬೇಕಾಗಿತ್ತೇನೆ?"

"ಜೀವ ಉಳಿಸೋ ಔಷಧ ಕಣವ್ವ ಅದು."

"ಇರಲಿ. ಆದ್ರೆ ಯಾರ ಮುಂದೂ ಬಾಯಿ ಬಿಡಬ್ಯಾಡ. ಗಂಡಿನ ಕಡೆಯೋರ ಕಿವಿಗೆ ಬಿದ್ರೆ ಮುಗೀತು. ಈಗ ಬಚ್ಚಲಿಗೆ ಹೋಗಿ ತಲೆ ಮ್ಯಾಲೆ ನೀರು ಹಾಕ್ಕೊಂಡು ಒಳಗೆ ಬಾ."

ಅಲ್ಲಿಂದ ಮುಂದೆ ಊರಿಗೆ ಬಂದಾಗಲೆಲ್ಲ ಮೊದಲು ಬಚ್ಚಲು, ಆಮೇಲೆ ಅಡುಗೆಮನೆ. ನಾನೂ ಹಟಕ್ಕೆ ಬಿದ್ದು ನೆಂಟರಿಷ್ಟರಿಗೆಲ್ಲ ನನ್ನ ಕೆಲಸವನ್ನು ವಿವರವಾಗಿ ಹೇಳಿಕೊಂಡು ತಿರುಗಿದೆ. ಗಂಡಿನ ವಿಷಯದಲ್ಲಿ ಅವ್ವ ಹೇಳಿದ್ದೇ ನಿಜವಾಯಿತು. ಅದಕ್ಕೆ ನನಗೆ ಬೇಸರವಿಲ್ಲ.

ಕುರಿಗಳು ಹೆಚ್ಚಾಗಿ ಬರುತ್ತಿದ್ದದ್ದು ಜಗಳೂರಿನ ಕಡೆಯಿಂದ. ಆ ಸೀಮೆಯ ಕುರಿ ಗಟ್ಟಿ, ಕಾಯಿಲೆ ಕಡಿಮೆ ಎಂದು ಹೆಸರಿತ್ತು. ತಿಂಗಳಿಗೊಮ್ಮೆ ಸಂಸ್ಥೆಯ ಲಾರಿ ಹೋಗಿ ತುಂಬಿಕೊಂಡು ಬರುತ್ತಿತ್ತು. ಕುರಿಗಳ ಆರೋಗ್ಯ ನೋಡಿ ಆರಿಸಲು ಲ್ಯಾಬಿನವರೊಬ್ಬರು ಜೊತೆಗೆ ಹೋಗಬೇಕು. ಜೊತೆಯ ಗಂಡಸರಿಗೆ ಆ ಧೂಳು, ಆ ಹಿಕ್ಕೆ ವಾಸನೆ ಬೇಡ. "ನಿಮ್ಮ ಕಡೆಯ ಊರಲ್ಲವೇ ಮೇಡಂ" ಎಂದು ನನ್ನನ್ನೇ ಅಟ್ಟುತ್ತಿದ್ದರು. ನ್ಯಾಮತಿ ಎಲ್ಲಿ, ಜಗಳೂರು ಎಲ್ಲಿ? ಅವರ ಪಾಲಿಗೆ ಎರಡೂ 'ಆ ಕಡೆ.' ನಾನು ಡ್ರೈವರ್ ಪಕ್ಕ ಕೂತು ಹೋಗುತ್ತಿದ್ದೆ. ಹಿಂದೆ ಏನೂ ಇಲ್ಲದ್ದರಿಂದ ಲಾರಿಯ ಹಲಗೆಗಳು ದಾರಿಯುದ್ದಕ್ಕೂ ದಡಬಡ ಎನ್ನುತ್ತಿದ್ದವು. ಇಬ್ಬರೂ ಕಿರುಚಿಯೇ ಮಾತಾಡಬೇಕು.

ಜಗಳೂರು ದಾಟಿದ ಮೇಲೆ ಒಂದು ಹಟ್ಟಿಯಲ್ಲಿ ಗಂಡಹೆಂಡಿರಿಬ್ಬರು ನಮಗೆ ಖಾಯಂ ಕುರಿ ಕೊಡುತ್ತಿದ್ದರು. ಇದ್ದೊಬ್ಬ ಮಗಳನ್ನು ಹೊನ್ನಾಳಿ ಕಡೆ ಕೊಟ್ಟಿದ್ದರು. ಹಾಗಾಗಿ ನಾನು ಹೊನ್ನಾಳಿ ತಾಲ್ಲೂಕಿನವಳು ಎಂದು ಗೊತ್ತಾದ ದಿನದಿಂದ ಮಜ್ಜಿಗೆ ಕುಡಿಯದೆ ಎದ್ದು ಬರುವಂತಿರಲಿಲ್ಲ. ವ್ಯಾಪಾರ ಮುಗಿದ ಮೇಲೆ ಆತ ಪ್ರತಿ ಕುರಿಯ ಬೆನ್ನಿನಿಂದ ಒಂದು ಚಿಟಿಕೆ ಉಣ್ಣೆ ಕಿತ್ತು ಹೆಂಡತಿಯ ಕೈಗೆ ಕೊಡುವನು. ಆಕೆ ಅದನ್ನು ಕುರಿರೊಪ್ಪದ ಬಾಗಿಲ ಮೇಲಿನ ಮುಳ್ಳಿಗೆ ಸಿಕ್ಕಿಸುವಳು. ಕುರಿ ಹೋದರೂ ಅದರ ಲಕ್ಷ್ಮಿ ರೊಪ್ಪ ಬಿಟ್ಟು ಹೋಗಬಾರದು ಎಂಬುದು ಅವರ ಮನೆತನದ ಪದ್ಧತಿ.

ಒಂದು ಸಲ ಆತ ಉಣ್ಣೆ ಕೀಳುತ್ತಲೇ ಕೇಳಿದ, "ತಾಯಿ, ಈ ಜೀವ ಎಲ್ಲಿಗೆ ಹೋಗ್ತಾವು? ಕಸಾಯಿಯೋರು ಬಂದ್ರೆ ಕೇಳೋದೇನಿಲ್ಲ, ಗೊತ್ತೇ ಐತೆ. ನೀವು ನೋಡಿದ್ರೆ ಹಣೆಗೆ ವಿಭೂತಿ ಇಟ್ಕೊಂಡು ಬರ್ತೀರಿ."

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಿದುಳು, ರೋಗಾಣು, ಸೀಸೆ ಎಲ್ಲ. ಆತ ಕೈಯಲ್ಲಿದ್ದ ಉಣ್ಣೆಯನ್ನು ತಿರುಗಿಸಿ ನೋಡಿದ.

"ಅಂದ್ರೆ ಹುಚ್ಚುನಾಯಿ ಕಚ್ಚಿದೋರನ್ನ ನಮ್ಮ ಕುರಿ ಉಳಿಸ್ತೈತೆ ಅನ್ರಿ."

"ಹೌದಣ್ಣ."

ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ? ಇವು ಸಾಯಾಕೆ ಹೋಗ್ತಿಲ್ಲ, ಉಳಿಸಾಕೆ ಹೋಗ್ತಾವು" ಎಂದ. ಅಂದಿನಿಂದ ನಮ್ಮ ಲಾರಿ ಹತ್ತಿದ ಕುರಿಗಳ ಉಣ್ಣೆಗೆ ಬೇರೆಯೇ ಜಾಗ. ಮನೆಯೊಳಗೆ ದೇವರ ಗೂಡಿನಲ್ಲಿ, ಅರಿಶಿನದ ಭಂಡಾರದ ಪಕ್ಕ. ಮುಂದಿನ ಸಲ ಹೋಗುವಷ್ಟರಲ್ಲಿ ಆತ ಸುತ್ತಲಿನ ಹಟ್ಟಿಗಳಿಗೆಲ್ಲ ಸುದ್ದಿ ಹಬ್ಬಿಸಿದ್ದ. ನಾಯಿ ಕಚ್ಚಿದರೆ ನಾಟಿ ಬೇರು ತಿನ್ನಬೇಡಿ, ಸೂಜಿ ಹಾಕಿಸಿಕೊಳ್ಳಿ, ಅದು ನಮ್ಮ ಕುರಿಯದ್ದೇ ಔಷಧ ಎಂದು. ಲಕ್ಷಗಟ್ಟಲೆ ಭಿತ್ತಿಪತ್ರ ಅಂಟಿಸಿದರೂ ಆಗದ ಕೆಲಸವನ್ನು ಒಬ್ಬ ಮನುಷ್ಯ ಬಾಯಿಮಾತಿನಲ್ಲಿ ಮಾಡಿದ್ದ.

ಎಂಬತ್ತರ ದಶಕ ಶುರುವಾದ ಮೇಲೆ ನಮ್ಮ ಮುಖ್ಯಸ್ಥರು ಒಂದು ದಿನ ನನ್ನನ್ನು ಕರೆದರು. ಹೊರದೇಶದಲ್ಲಿ ಓದಿ ಬಂದವರು, ಅಂಗಿಯ ಮಡಿಕೆ ಸಂಜೆಯವರೆಗೂ ಮುರಿಯದಂಥವರು.

"ಹಳ್ಳಿಯವರು ಚಿಕಿತ್ಸೆ ಯಾಕೆ ಅರ್ಧಕ್ಕೆ ಬಿಡುತ್ತಾರೆ ಅಂತ ಒಂದು ಅಧ್ಯಯನ ಆಗಬೇಕು" ಎಂದರು. "ಕಾರಣ ನಮಗೆ ಗೊತ್ತೇ ಇದೆ. ದೇವರು, ಮಂತ್ರ, ಬೇರು. ಜೊತೆಗೆ ಕುರಿ ಮಿದುಳು ಅಂತ ನಿಮ್ಮಂಥ ಸಸ್ಯಾಹಾರಿಗಳು ಹೇಸುತ್ತಾರೆ. ಹೋಗಿ ಖಚಿತ ಮಾಡಿಕೊಂಡು ಬನ್ನಿ."

ಉತ್ತರವನ್ನು ಮೊದಲೇ ಬರೆದಿಟ್ಟು ಪ್ರಶ್ನೆ ಕೇಳಲು ಕಳಿಸುವ ವಿಜ್ಞಾನ ಅದು. ಆದರೂ ಹೊರಟೆ. ಚನ್ನಗಿರಿ, ಹೊನ್ನಾಳಿ, ಜಗಳೂರು ತಾಲ್ಲೂಕುಗಳಲ್ಲಿ ನಾಯಿ ಕಚ್ಚಿಸಿಕೊಂಡು ಸೂಜಿ ಬಿಟ್ಟವರ ಮನೆಮನೆಗೆ ಬಸ್ಸಿನಲ್ಲಿ, ಸಿಕ್ಕಿದರೆ ಎತ್ತಿನ ಗಾಡಿಯಲ್ಲಿ, ಸಿಗದಿದ್ದರೆ ನಡೆದು ಹೋದೆ.

ತ್ಯಾವಣಿಗೆಯಲ್ಲಿ ಒಬ್ಬ ಅಜ್ಜಿ. ಕೊರಳಲ್ಲಿ ಲಿಂಗದ ಕರಡಿಗೆ, ಮಾತು ಖಾರ. ಹಿಮ್ಮಡಿಗೆ ನಾಯಿ ಕಚ್ಚಿತ್ತು. ನಾಲ್ಕೈದು ಸೂಜಿಗೇ ಬಿಟ್ಟಿದ್ದಳು. ಆ ನಾಯಿಗೆ ಹುಚ್ಚು ಇರಲಿಲ್ಲವೇನೋ, ಬದುಕಿಕೊಂಡಿದ್ದಳು.

"ಕುರಿ ಮಿದುಳಿನ ಔಷಧ ಅಂತ ಬಿಟ್ರೇನಜ್ಜಿ?"

"ಹುಚ್ಚು ಹಿಡಿದು ಸಾಯೋದಕ್ಕಿಂತ ಕುರಿ ಮಿದುಳು ವಾಸಿ ಕಣೆ ತಂಗಿ. ಲಿಂಗ ಎದೆ ಮ್ಯಾಲೈತೆ, ಸೂಜಿ ಹೊಟ್ಟೆಗೆ ಹಾಕ್ತಾರೆ. ಅವೆರಡಕ್ಕೂ ಜಗಳ ಇಲ್ಲ."

"ಮತ್ತೆ ಯಾಕೆ ಬಿಟ್ರಿ?"

"ಬಸ್ಸು."

ಅಷ್ಟೇ ಕಾರಣ. ಸೂಜಿ ಹಾಕುತ್ತಿದ್ದದ್ದು ದೂರದ ದೊಡ್ಡಾಸ್ಪತ್ರೆಯಲ್ಲಿ ಮಾತ್ರ. ಅದರ ಹೆಸರು ಬೇಡ, ಅಂಥವು ಎಲ್ಲ ಕಡೆಯೂ ಇದ್ದವು. ಅಲ್ಲಿ ಬೆಳಿಗ್ಗೆ ಬೇಗ ಹಾಕಿ ಮುಗಿಸಿ ಕಿಟಕಿ ಮುಚ್ಚುತ್ತಿದ್ದರು. ಸೀಸೆಯ ಬಾಯಿ ತೆರೆದರೆ ಔಷಧ ಅಂದೇ ಮುಗಿಯಬೇಕು, ಎಲ್ಲರೂ ಒಟ್ಟಿಗೆ ಬಂದರೆ ಅನುಕೂಲ ಎಂಬುದು ಅವರ ಲೆಕ್ಕ. ಹಳ್ಳಿಗಳ ಮೊದಲ ಬಸ್ಸು ಆಸ್ಪತ್ರೆಯ ಊರು ಮುಟ್ಟುವಷ್ಟರಲ್ಲಿ ಕಿಟಕಿ ಮುಚ್ಚಿರುತ್ತಿತ್ತು. ಹಾಗಾಗಿ ಎರಡು ವಾರ ಆಸ್ಪತ್ರೆಯ ಜಗಲಿಯ ಮೇಲೆ ಬುತ್ತಿ ಕಟ್ಟಿಕೊಂಡು ಮಲಗಬೇಕು, ಇಲ್ಲವೇ ಬಿಡಬೇಕು. ನಲ್ಲೂರಿನಲ್ಲಿ ಕೇಳಿದೆ, ಬಸ್ಸು ಎಂದರು. ಹೊನ್ನಾಳಿ ಸುತ್ತ ಕೇಳಿದೆ, ಬಸ್ಸು ಎಂದರು. ನ್ಯಾಮತಿಗೆ ಬಂದಾಗ, ಇಷ್ಟು ತಿಳಿಯಲು ಊರೂರು ಅಲೆಯಬೇಕಿರಲಿಲ್ಲ, ಅಪ್ಪನ ಅಂಗಡಿ ಕಟ್ಟೆಯ ಮೇಲೆ ಕೂತು ಬಸ್ಸು ಕಾಯುವವರನ್ನು ಕೇಳಿದ್ದರೆ ಸಾಕಿತ್ತು ಅನ್ನಿಸಿತು. ದೇವರ ಹೆಸರು ಹೇಳಿದವರು ಇರಲಿಲ್ಲವೆಂದಲ್ಲ. ಬಸ್ಸು ತಪ್ಪಿದ ಮೇಲೆ ದೇವರನ್ನಲ್ಲದೆ ಇನ್ನಾರನ್ನು ನೆನೆಯಬೇಕು?

ಬಂದು ಹೇಳಿದೆ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು.

"ಬಸ್ಸು ವೈಜ್ಞಾನಿಕ ಕಾರಣವಲ್ಲ."

"ಜನ ಬಿಡುವುದು ಅದಕ್ಕೇ ಸಾರ್. ಒಂದೊಂದು ತಾಲ್ಲೂಕಿನಲ್ಲಿ ಸ್ವಲ್ಪ ಲಸಿಕೆ ಇಟ್ಟರೆ ಸಾಕು. ಐಸ್ ಪೆಟ್ಟಿಗೆಯಲ್ಲಿ ಕಳಿಸಬಹುದು."

"ಕೆಟ್ಟರೆ ಹೊಣೆ ಯಾರು? ಮತ್ತೆ ಕಳಿಸುವುದು ಹೇಗೆ? ಅಷ್ಟು ದೂರಕ್ಕೆ ಗಾಡಿ ಎಲ್ಲಿದೆ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯುವುದೇ ಬೇಡವಾದವರು ಜನವೇ ಡೊಂಕು ಎನ್ನುತ್ತಿದ್ದರು. ಗಾಡಿ ಎಲ್ಲಿದೆ ಎಂಬ ಪ್ರಶ್ನೆಗೆ ಆಗ ನನಗೂ ಉತ್ತರ ಹೊಳೆಯಲಿಲ್ಲ. ಬಾಗಿಲು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಹೊರಗೆ ಬಂದೆ.

ಮರುತಿಂಗಳು ಕುರಿಗೆಂದು ಜಗಳೂರಿಗೆ ಹೋದಾಗ ಹಟ್ಟಿಯಲ್ಲಿ ಆಕೆ ಒಬ್ಬಳೇ ಇದ್ದಳು. ಹಣೆ ಬರಿದಾಗಿತ್ತು. ಆಕೆಯೇ ಕಂಬಳಿ ಹಾಸಿ ಕೂಡಿಸಿ ಹೇಳಿದಳು.

ಅವರ ಕಾವಲು ನಾಯಿಗೇ ಹುಚ್ಚು ಹಿಡಿದಿತ್ತು. ರೊಪ್ಪದ ಹತ್ತಿರ ಮೊದಲು ಆಕೆಯ ಕಾಲಿಗೆ ಬಾಯಿ ಹಾಕಿತು. ಬಿಡಿಸಲು ಹೋದ ಗಂಡನ ಕೈಗೆ, ಕೆನ್ನೆಗೆ ಕಚ್ಚಿತು. ಇಬ್ಬರಿಗೂ ಸೂಜಿ ಬೇಕು. ಆದರೆ ಇಬ್ಬರೂ ಹೋದರೆ ಕುರಿ ಕಾಯುವವರು ಯಾರು? ಸುಗ್ಗಿ ಮುಗಿದು ಹಟ್ಟಿಯ ಉಳಿದವರೆಲ್ಲ ತಮ್ಮ ತಮ್ಮ ಹಿಂಡು ಹೊಡೆದುಕೊಂಡು ಹೊಲಗಳ ಕಡೆ ಹೋಗಿದ್ದರು. ತೋಳದ ಕಾಟ ಬೇರೆ. ಕುರಿ ಕಾಯುವವರ ಮನೆಯಲ್ಲಿ ಊಟ, ನಿದ್ದೆ, ನೆಂಟರ ಮದುವೆ ಎಲ್ಲವೂ ಸರದಿಯ ಮೇಲೆ. ಒಬ್ಬರು ಹೋದರೆ ಒಬ್ಬರು ಹಿಂಡಿನ ಜೊತೆ ಇರಲೇಬೇಕು. ಸೂಜಿಗೂ ಅವರು ಸರದಿ ಮಾಡಿಕೊಂಡರು.

"ನೀವು ಮೊದ್ಲು ಹೋಗ್ರಿ, ನಿಮಗೇ ಜಾಸ್ತಿ ಕಚ್ಚೈತೆ ಅಂದೆ" ಎಂದಳು. "ಕೇಳಲಿಲ್ಲ ತಾಯಿ. ನೀ ಮೊದ್ಲು ಹೋಗು, ಅದು ನಮ್ಮ ಕುರಿ ಔಷಧ, ಎಲ್ಲಿಗೂ ಓಡಿಹೋಗಲ್ಲ, ನೀ ಬಂದ ಮ್ಯಾಲೆ ನಾ ಹೋಗ್ತೀನಿ ಅಂದ್ರು. ಅಲ್ಲಿ ಡಾಕ್ಟರು, ನಿನ್ನ ಗಂಡನ್ನೂ ಈಗಲೇ ಕರ್ಸು ಅಂದ್ರು. ಜಗಳೂರಿನೋರು ಯಾರೋ ಸಿಕ್ರು, ಅವರ ಕೈಲಿ ಹೇಳಿ ಕಳಿಸ್ದೆ. ನಾ ವಾಪಸ್ ಬರ್ತೀನಿ, ನೀವು ಬರ್ರಿ ಅಂತ. ಅವರ ಕೈಲೇ ತಿರುಗಿ ಹೇಳಿ ಕಳಿಸಿದ್ರು."

"ಏನಂತ?"

"ಅರ್ಧಕ್ಕೆ ಬಿಡಬ್ಯಾಡ. ಪೂರಾ ಹಾಕಿಸ್ಕೊಂಡೇ ಬಾ ಅಂತ."

ಆಕೆ ಪೂರ್ತಿ ಹಾಕಿಸಿಕೊಂಡು ಬಂದಳು. ಆತ ಹೋದ. ಹೋಗಿ ಕೆಲವು ಸೂಜಿ ಆಗುವಷ್ಟರಲ್ಲಿ ನೀರು ಕಂಡರೆ ಗಂಟಲು ಹಿಡಿಯತೊಡಗಿತು. ಇನ್ನು ಸೂಜಿ ಹಾಕಿ ಉಪಯೋಗವಿಲ್ಲ, ಕರೆದುಕೊಂಡು ಹೋಗಿ ಎಂದರು. ಮುಂದಿನದನ್ನು ಆಕೆ ಹೇಳಲಿಲ್ಲ. ಆ ಸಾವು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು, ಆಕೆ ನೋಡಿದ್ದಳು. ನಾನು ಆಕೆಯ ಪಕ್ಕ ಕೂತು ಅತ್ತೆ. ವಿಜ್ಞಾನಿ ಅಳಬಾರದು ಎಂದು ಯಾರೂ ಅಲ್ಲಿ ಹೇಳಲಿಲ್ಲ.

ದೇವರ ಗೂಡಿನ ಕಡೆ ನೋಡಿದೆ. ಭಂಡಾರ ಇತ್ತು, ಉಣ್ಣೆ ಇರಲಿಲ್ಲ.

ಹೊರಗೆ ಡ್ರೈವರ್ ಹಾರನ್ ಹಾಕಿದ. ಆಕೆ ಎದ್ದು ಬಾಗಿಲಿಗೆ ಬಂದು ಲಾರಿಯನ್ನು ನೋಡುತ್ತ ನಿಂತಳು.

"ನಾನು ಇನ್ನು ಕುರಿ ಕೊಡಲ್ಲ ತಾಯಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಒಂದು ಕೇಳ್ತೀನಿ, ಹೇಳ್ರಿ. ಕುರಿ ಹೊತ್ಕೊಂಡು ಹೋಗಾಕೆ ಈ ಲಾರಿ ನಮ್ಮ ರೊಪ್ಪದ ಬಾಗಿಲಿಗೆ ಬರ್ತೈತೆ. ಬರುವಾಗ ಖಾಲಿ ಬರ್ತೈತೆ. ಅದ್ರಾಗೆ ಔಷಧ ತರಾಕೆ ಏನಾಗಿತ್ತು? ತಂದ ದಿನ ಬರ್ರಿ, ಕುರಿ ಕೊಡ್ತೀನಿ."

ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಅಷ್ಟು ದೂರಕ್ಕೆ ಗಾಡಿ ಎಲ್ಲಿದೆ ಎಂದು ಕೇಳಿದ ಮುಖ್ಯಸ್ಥರ ರುಜುವಿನ ಮೇಲೇ ಪ್ರತಿ ತಿಂಗಳೂ ಆ ಲಾರಿ ಹೊರಡುತ್ತಿತ್ತು. ಹಿಂದಿರುಗುವಾಗಲೂ ಅದು ಬೇರೆ ಹಟ್ಟಿಗಳ ನಾಲ್ಕಾರು ಕುರಿಗಳಷ್ಟನ್ನೇ ಹೊತ್ತುಕೊಂಡು ದಡಬಡ ಎನ್ನುತ್ತಿತ್ತು. ಆ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡು ಕೂತೆ.

ಮಾರನೆಯ ದಿನವೇ ಹೋಗಿ ಎಲ್ಲವನ್ನೂ ಹೇಳಿದೆ. ಅವರಿಬ್ಬರ ಸರದಿ, ಆತ ಹೇಳಿ ಕಳಿಸಿದ ಮಾತು, ಲಾರಿ, ಐಸ್ ಪೆಟ್ಟಿಗೆ. ಮುಖ್ಯಸ್ಥರು ತಾಳ್ಮೆಯಿಂದ ಕೇಳಿದರು. ತಾಳ್ಮೆ ಅವರಿಗೆ ಯಾವಾಗಲೂ ಇತ್ತು, ಸಾಯುತ್ತಿದ್ದವರು ಬೇರೆಯವರಾದ್ದರಿಂದ.

"ಆ ಲಾರಿಗೆ ಅನುಮತಿ ಇರುವುದು ಪ್ರಾಣಿ ಸಾಗಿಸಲು" ಎಂದರು. "ಅದರಲ್ಲಿ ಔಷಧ ಹಾಕುವಂತಿಲ್ಲ."

"ಪ್ರಾಣಿ ಇಲ್ಲದೆ ಹೋಗುವಾಗಲೂ?"

"ಪ್ರಾಣಿಗಾಗಿ ಹೋಗುತ್ತದಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಗುಡಿಗಳ ಮಾತು ಎಂದುಕೊಂಡಿದ್ದೆ. ಲ್ಯಾಬಿನಲ್ಲಿಯೂ ಪೂಜಾರಿಗಳಿದ್ದರು, ಬಿಳಿ ಕೋಟು ತೊಟ್ಟುಕೊಂಡು. ಐಸ್ ಪೆಟ್ಟಿಗೆಗಾಗಿ ನಾನು ಕೇಳಿದ್ದಕ್ಕೆ ಲೆಕ್ಕವಿಲ್ಲ. ಬರೆದು ಕೇಳಿದೆ, ಬಾಯಲ್ಲಿ ಕೇಳಿದೆ, ಜಗಳವಾಡಿ ಕೇಳಿದೆ. ಹೆಂಗಸು, ಭಾವುಕಳು ಎಂದು ಬೆನ್ನ ಹಿಂದೆ ಆಡಿಕೊಂಡರು. ಊರಿಗೆ ಹೋದಾಗ ಅವ್ವನ ಮುಂದೆ ಇದನ್ನೆಲ್ಲ ಕಾರಿಕೊಂಡೆ. ಅವ್ವ ಆ ಸಲ ಬಚ್ಚಲಿಗೆ ಹೋಗು ಎನ್ನಲಿಲ್ಲ. ಚಪ್ಪಲಿ ಕಳಚಿದವಳನ್ನು ನೇರ ಅಡುಗೆಮನೆಗೆ ಕರೆದು ಒಲೆಯ ಪಕ್ಕದಲ್ಲೇ ಕೂಡಿಸಿ ಊಟಕ್ಕೆ ಹಾಕಿದಳು.

"ಆ ಹೆಣ್ಣುಮಗಳ ಹೊಟ್ಟೆಯಾಗಿನ ಬೆಂಕಿ ಯಾರಿಗೆ ಗೊತ್ತಾಗ್ತೈತೆ. ತಾನು ಉಳಿದಿದ್ದೇ ತಪ್ಪು ಅಂತ ದಿನಾ ಅನ್ನಿಸ್ತಿರ್ತೈತೆ" ಎಂದಳು. "ನೀನು ಬಿಡಬ್ಯಾಡ."

ಬಿಡುವ ಪ್ರಶ್ನೆಯೇ ಇರಲಿಲ್ಲ. ಒಂದು ವರ್ಷದ ಮೇಲೆ ದೊಡ್ಡ ಸಭೆಯೊಂದರಲ್ಲಿ ಮುಖ್ಯಸ್ಥರು ನಮ್ಮ ಅಧ್ಯಯನವನ್ನು ಮಂಡಿಸಿದರು. ಮನೆಮನೆ ತಿರುಗಿದವಳು ನಾನು. ಅವರು ಓದಿದ ಪ್ರಬಂಧದಲ್ಲಿ ಬಸ್ಸು ಎಂಬ ಶಬ್ದವೇ ಇರಲಿಲ್ಲ. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಉದಾಹರಣೆಗಳು ಬಂದವು.

"ಜಗಳೂರು ಸೀಮೆಯ ಒಬ್ಬ ಕುರಿಗಾಹಿ" ಎಂದು ಅವರು ಓದಿದರು. "ಮುಖಕ್ಕೆ ತೀವ್ರ ಗಾಯವಾಗಿದ್ದರೂ ಎರಡು ವಾರ ಚಿಕಿತ್ಸೆ ನಿರಾಕರಿಸಿದ. ಆಮೇಲೆ ಬಂದರೂ ಅರ್ಧಕ್ಕೆ ಬಿಟ್ಟ. ಅವನ ಮನೆಯವರು ಈಗ ನಮ್ಮ ಸಂಸ್ಥೆಗೆ ಕುರಿ ಮಾರಲೂ ಒಪ್ಪುವುದಿಲ್ಲ. ಮೂಢನಂಬಿಕೆ ಎಷ್ಟು ಆಳದಲ್ಲಿದೆ ನೋಡಿ."

ಆ ನಗೆ ಮತ್ತೆ ಸಭೆಯಲ್ಲಿ ಹರಿಯಿತು. ನಾನು ಎದ್ದು ನಿಂತೆ.

"ಅವನು ನಿರಾಕರಿಸಲಿಲ್ಲ. ತನ್ನ ಸರದಿಯನ್ನು ಹೆಂಡತಿಗೆ ಕೊಟ್ಟ. ಅರ್ಧಕ್ಕೆ ಬಿಡಲಿಲ್ಲ, ಸತ್ತ."

ಮುಖ್ಯಸ್ಥರು ನನ್ನ ಕಡೆ ನೋಡಲಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ಕುರ್ಚಿಯಲ್ಲೇ ಹಿಂದಿರುಗಿ, ಮಕ್ಕಳಿಗೆ ಹೇಳುವ ದನಿಯಲ್ಲಿ ಕೇಳಿದರು.

"ಏನಮ್ಮ, ಅವನಿಗೆ ಲಸಿಕೆಯ ಮೇಲೆ ನಂಬಿಕೆ ಇತ್ತು ಅನ್ನುವುದಕ್ಕೆ ಏನಾದರೂ ಆಧಾರ ಇದೆಯೇ?"

"ಇದೆ ಸಾರ್. ಆಧಾರ ಬದುಕಿದೆ. ಜಗಳೂರಿನಲ್ಲಿ ಕುರಿ ಕಾಯುತ್ತಿದೆ."

ಯಾರೂ ನಗಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿ ಚಹಾಕ್ಕೆ ಬಿಟ್ಟರು.

ಆ ತಿಂಗಳೂ ಲಾರಿ ಜಗಳೂರಿಗೆ ಖಾಲಿ ಹೋಯಿತು, ತುಂಬಿಕೊಂಡು ಬಂತು.